ಎತ್ತರಿಸಿದ ಜೀಪಿನ ಸ್ಟಿಯರಿಂಗ್ ಅದುರು: ನಾನು ದುಡ್ಡು ಕೊಟ್ಟು ಕಲಿತದ್ದು

ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ನನಗಿರುವುದು ಮೂರೂವರೆ ಎಕರೆ. ಒಂದೆಕರೆ ಬೆಂಗಳೂರು ಬ್ಲೂ ದ್ರಾಕ್ಷಿ, ಒಂದೆಕರೆ ಹಿಪ್ಪುನೇರಳೆ, ಮಿಕ್ಕದ್ದರಲ್ಲಿ ರಾಗಿ ಮತ್ತು ಹಸುಗಳಿಗೆ ಜೋಳ. ಊರಿನಿಂದ ತೋಟಕ್ಕೆ ಹೋಗುವ ದಾರಿ ಮಳೆಗಾಲದಲ್ಲಿ ಹಳ್ಳ, ಬೇಸಿಗೆಯಲ್ಲಿ ಬರೀ ಕಲ್ಲು. ಟ್ರ್ಯಾಕ್ಟರ್ ಇಲ್ಲದ ನನ್ನಂಥವನಿಗೆ ಹಳೇ ಜೀಪೇ ಎತ್ತು, ಅದೇ ಗಾಡಿ.

2019ರಲ್ಲಿ 1996ರ ಮಾದರಿಯ ಮಹೀಂದ್ರ ಎಂಎಂ 540 ಒಂದನ್ನು ಕೊಂಡೆ. ಕೊಟ್ಟವರು ಬೆಂಗಳೂರಿನ ಹುಡುಗರು. ಭಾನುವಾರ ಬಂತೆಂದರೆ ಮಾಕಳಿದುರ್ಗದ ಕಡೆ ಬಂದು ಕಲ್ಲು, ಕೆಸರು, ಹಳ್ಳ ಎಲ್ಲಾ ಹತ್ತಿಸಿ ಇಳಿಸುವ ಹವ್ಯಾಸದವರು. ಅದಕ್ಕಾಗಿ ಜೀಪನ್ನು ಎತ್ತರ ಮಾಡಿಸಿದ್ದರು. ಕಮಾನು ಪಟ್ಟಿಯನ್ನು ಚಾಸಿಗೆ ನೇತುಹಾಕುವ ಶ್ಯಾಕಲ್ ತೆಗೆದು ಎರಡಿಂಚು ಉದ್ದದ್ದು ಹಾಕಿದ್ದರು. ಟೈರೂ ದೊಡ್ಡದು. ಬೆಲೆ ಕಮ್ಮಿ ಹೇಳಿದರು, ನಾನೂ ಯಾಕೆಂದು ಕೇಳಲಿಲ್ಲ. ಊರಿಗೆ ತಂದಾಗ ನೋಡಿದವರೆಲ್ಲ ‘ಆನೆ ಇದ್ದಂಗೈತೆ’ ಅಂದರು. ನಾನೂ ಉಬ್ಬಿದೆ.

ಆನೆ ತಲೆ ಕೊಡವಿದ್ದು ಎರಡು ವರ್ಷದ ಮೇಲೆ, 2021ರಲ್ಲಿ, ದ್ರಾಕ್ಷಿ ಕೊಯ್ಲಿನ ದಿನ. ಹಿಂದಿನ ಸೀಟಿನಲ್ಲಿ ಪಕ್ಕದೂರಿನ ಆರು ಜನ ಹೆಂಗಸರು, ನನ್ನ ಪಕ್ಕದಲ್ಲಿ ಮಗಳು. ಗೌರಿಬಿದನೂರು ರಸ್ತೆಯಲ್ಲಿ ಐವತ್ತೈದರಲ್ಲಿ ಹೋಗುತ್ತಿದ್ದೆ. ಎಡ ಚಕ್ರ ಒಂದು ಚಿಕ್ಕ ಗುಂಡಿಗೆ ಬಿತ್ತು, ಅಷ್ಟೇ. ಸ್ಟಿಯರಿಂಗ್ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳಲು ಶುರುವಾಯಿತು. ಕೈಯಲ್ಲಿ ಹಿಡಿದರೆ ಹೆಬ್ಬೆರಳಿಗೆ ಏಟು ಬಿತ್ತು. ಇಡೀ ಮುಂಭಾಗ ರಾಗಿ ಜರಡಿ ಆಡಿಸಿದ ಹಾಗೆ ಆಡುತ್ತಿತ್ತು. ಗಾಬರಿಯಲ್ಲಿ ಬ್ರೇಕ್ ಒತ್ತಿದೆ. ಜೀಪು ಬಲಕ್ಕೆ ಎಳೆದು ರಸ್ತೆಯ ನಡುವಿನ ಗೆರೆ ದಾಟಿತು. ಎದುರಿಗೆ ಹುಲ್ಲಿನ ಟೆಂಪೊ. ಅವನು ಎಡಕ್ಕೆ ಮಣ್ಣಿಗಿಳಿದದ್ದರಿಂದ ಈ ಲೇಖನ ಬರೆಯುತ್ತಿದ್ದೇನೆ.

ನಿಂತ ಮೇಲೆ ಹೆಂಗಸರು ಒಬ್ಬೊಬ್ಬರೇ ಇಳಿದರು. ಅವರಲ್ಲಿ ಹಿರಿಯಾಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ‘ನಾವು ನಡ್ಕೊಂಡೇ ಬರ್ತೀವಿ ಕಣಣ್ಣ. ನೀನೂ ಕೂಸಿನ್ನ ಇದ್ರಾಗೆ ಕೂರಿಸ್ಬ್ಯಾಡ’ ಅಂದರು. ಆ ಮಾತು ಬೈಗುಳಕ್ಕಿಂತ ಜಾಸ್ತಿ ನಾಟಿತು.

ಮೊದಲ ತಪ್ಪು

ಪಟ್ಟಣದ ಒಂದು ಗ್ಯಾರೇಜಿಗೆ ಒಯ್ದೆ. ಅವರು ಗಾಡಿಯ ಕೆಳಗೆ ಇಣುಕಿಯೂ ನೋಡದೆ, ‘ಸ್ಟಿಯರಿಂಗ್ ಡ್ಯಾಂಪರ್ ಹಾಕಿಬಿಡೋಣ ಸಾರ್, ಅದುರೋದು ನಿಲ್ತದೆ’ ಅಂದರು. ಡ್ಯಾಂಪರ್ ಅಂದರೆ ಶಾಕ್ ಅಬ್ಸಾರ್ಬರಿನಂಥದೇ ಒಂದು ಎಣ್ಣೆ ಕೊಳವೆ, ಅಡ್ಡಡ್ಡ ಕೂರಿಸುತ್ತಾರೆ. ಕೂಲಿ ಸೇರಿ ನಾಲ್ಕು ಸಾವಿರದ ಹತ್ತಿರ ಹೋಯಿತು. ಅದುರು ನಿಂತೂ ಹೋಯಿತು. ಮೂರು ತಿಂಗಳು. ಆಮೇಲೆ ಮೊದಲಿಗಿಂತ ಜೋರಾಗಿ ಬಂತು. ಜ್ವರಕ್ಕೆ ಕಾರಣ ನೋಡದೆ ಮಾತ್ರೆ ನುಂಗಿದ ಹಾಗೆ. ಒಳಗೆ ಸವೆಯುವುದು ಮೂರು ತಿಂಗಳೂ ಸವೆಯುತ್ತಲೇ ಇತ್ತು, ನನಗೆ ಕಾಣದ ಹಾಗೆ ಡ್ಯಾಂಪರ್ ಮುಚ್ಚಿಟ್ಟಿತ್ತು.

ಡ್ಯಾಂಪರೇ ಬೇಡ ಎಂದಲ್ಲ. ನಮ್ಮ ದ್ರಾಕ್ಷಿ ಚಪ್ಪರದ ಮೇಲೆ ದೇವನಹಳ್ಳಿಗೆ ಇಳಿಯುವ ವಿಮಾನಗಳ ಮುಂದಿನ ಚಕ್ರಕ್ಕೂ ಇದೇ ಕಾಯಿಲೆ ಬರುತ್ತದಂತೆ. ಅಲ್ಲೂ ಇಂಥ ಡ್ಯಾಂಪರ್ ಇಡುತ್ತಾರೆ. ಎಲ್ಲಾ ಬಿಗಿಯಾಗಿದ್ದ ಮೇಲೆ ಅದು ಇದ್ದರೆ ಒಳ್ಳೆಯದೇ. ಸಡಿಲವಾದದ್ದನ್ನು ಮುಚ್ಚಲು ಹಾಕಿದರೆ ಅಪಾಯ.

ಯಾಕೆ ಅದುರುತ್ತದೆ?

ಆಸ್ಪತ್ರೆಯಲ್ಲಿ ರೋಗಿಯನ್ನು ತಳ್ಳುವ ಗಾಡಿಯ ಚಿಕ್ಕ ಚಕ್ರ ನೋಡಿ. ತಿರುಗುಗೂಟ ಸವೆದು ಸಡಿಲವಾಗಿದ್ದರೆ, ನಿಧಾನ ತಳ್ಳಿದಾಗ ಸುಮ್ಮನಿರುತ್ತದೆ. ಸ್ವಲ್ಪ ಜೋರಾಗಿ ತಳ್ಳಿ, ಪಟಪಟ ಎಂದು ಎಡಬಲ ಹೊಡೆದುಕೊಳ್ಳುತ್ತದೆ. ಜೀಪಿನದೂ ಅದೇ. ಈ ಹಳೇ ಜೀಪುಗಳಲ್ಲಿ ಮುಂದಿನ ಎರಡು ಚಕ್ರವೂ ಒಂದೇ ಗಟ್ಟಿ ಆ್ಯಕ್ಸಲಿನ ಎರಡು ತುದಿಯಲ್ಲಿವೆ, ಟೈರಾಡು ಎರಡನ್ನೂ ಜೋಡಿಸಿದೆ. ಒಂದು ಚಕ್ರ ನಡುಗಿದರೆ ಇನ್ನೊಂದಕ್ಕೂ ನಡುಕ ದಾಟುತ್ತದೆ, ಅಲ್ಲಿಂದ ವಾಪಸ್ಸು ಬರುತ್ತದೆ.

ವೇಗದ ಲೆಕ್ಕವೂ ಇದೆ. ನನ್ನ ಟೈರು ಒಂದು ಸುತ್ತಿಗೆ ಸುಮಾರು 2.3 ಮೀಟರ್ ಹೋಗುತ್ತದೆ. ಗಂಟೆಗೆ 55 ಕಿ.ಮೀ. ಅಂದರೆ ಸೆಕೆಂಡಿಗೆ ಆರೂವರೆ ಸುತ್ತು. ಟೈರಿನಲ್ಲಿ ಒಂದು ಕಡೆ ಭಾರ ಹೆಚ್ಚಿದ್ದರೆ ಸೆಕೆಂಡಿಗೆ ಅಷ್ಟು ಸಲ ತಳ್ಳು ಬೀಳುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಒಂದು ಕೈ ಸಾಕಲ್ಲ, ಹಾಗೆಯೇ ಆಕ್ಸಲು, ಟೈರು, ಸರಳು ಎಲ್ಲಾ ಸೇರಿ ತೂಗುವ ತಾಳಕ್ಕೆ ಈ ತಳ್ಳು ಕೂಡಿಬಿಟ್ಟರೆ ಮುಗಿಯಿತು. ಆದ್ದರಿಂದಲೇ ನಲವತ್ತರಲ್ಲಿ ಏನೂ ಇಲ್ಲ, ಐವತ್ತೈದರಲ್ಲಿ ಭೂತ. ಟೈರು ದೊಡ್ಡದೂ ಭಾರವೂ ಆದಷ್ಟು ಭೂತಕ್ಕೆ ಬಲ ಹೆಚ್ಚು.

ಗುಂಡಿ, ಟೈರು ಇವೆಲ್ಲ ನೆಪ. ಅದುರು ಬೆಳೆಯಲು ಬೇಕಾದದ್ದು ಎರಡು: ಎಲ್ಲೋ ಒಂದು ಸಡಿಲು, ಮತ್ತು ಚಕ್ರವನ್ನು ನೆಟ್ಟಗೆ ಹಿಡಿಯುವ ಓರೆ ತಪ್ಪಿರುವುದು. ನನ್ನ ಜೀಪಿನಲ್ಲಿ ಎರಡೂ ಇದ್ದವು.

ಸಡಿಲು ಹುಡುಕುವುದು

ಇದನ್ನು ಕಲಿಸಿದವರು ದೊಡ್ಡಬಳ್ಳಾಪುರದ ಒಬ್ಬ ವಯಸ್ಸಾದ ಮೆಕ್ಯಾನಿಕ್ ಭಾಯ್. ಅವರು ಮೊದಲ ದಿನ ಸ್ಪ್ಯಾನರ್ ಮುಟ್ಟಲೇ ಇಲ್ಲ. ‘ಒಬ್ರು ಮೇಲೆ, ಒಬ್ರು ಕೆಳಗೆ. ಇಷ್ಟೇ ಔಷಧಿ’ ಅಂದರು.

ಜೀಪು ನೆಲದ ಮೇಲೆ ನಿಂತಿರಲಿ, ಎಂಜಿನ್ ಬಂದ್ ಆಗಿರಲಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಒಬ್ಬರು ಸ್ಟಿಯರಿಂಗನ್ನು ಗಡಿಯಾರದ ಹನ್ನೊಂದಕ್ಕೂ ಒಂದಕ್ಕೂ ನಡುವೆ ಅಷ್ಟೇ ಆಡಿಸುತ್ತಿರಬೇಕು. ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದೇ ಕೀಲಿನ ಮೇಲೆ ಬೆರಳಿಡಬೇಕು. ಕೀಲಿನ ಎರಡು ಭಾಗ ಒಟ್ಟಿಗೆ ಆಡಿದರೆ ಸರಿ. ಒಂದು ಆಡಿ, ಇನ್ನೊಂದು ಕ್ಷಣ ತಡೆದು ಆಡಿದರೆ ಅಲ್ಲಿ ಸಡಿಲು. ಕಣ್ಣಿಗೆ ಕಾಣದ್ದು ಬೆರಳಿಗೆ ತಿಳಿಯುತ್ತದೆ. ಸ್ಟಿಯರಿಂಗ್ ಬಾಕ್ಸಿನಿಂದ ಶುರುಮಾಡಿ ಚಕ್ರದವರೆಗೆ ಬನ್ನಿ. ಬಾಕ್ಸನ್ನು ಚಾಸಿಗೆ ಕಟ್ಟಿದ ಬೋಲ್ಟುಗಳನ್ನು ಮರೆಯಬೇಡಿ, ಅಲ್ಲಿ ಚಾಸಿಯೇ ಬಿರುಕು ಬಿಟ್ಟಿರುವುದೂ ಉಂಟು. ಆಮೇಲೆ ಪಿಟ್‌ಮನ್ ಆರ್ಮು, ಡ್ರ್ಯಾಗ್ ಲಿಂಕು, ಟೈರಾಡಿನ ಎರಡು ಎಂಡು, ಕಮಾನು ಪಟ್ಟಿಯ ಬುಷ್ಷು, ಯು ಬೋಲ್ಟು.

ಮನೆಯಲ್ಲಿ ಮಗಳನ್ನೇ ಸ್ಟಿಯರಿಂಗಿಗೆ ಕೂರಿಸಿ ನಾನು ಕೆಳಗೆ ಮಲಗಿದೆ. ಹತ್ತು ನಿಮಿಷ ಸಾಕಾಯಿತು. ಎಡಗಡೆಯ ಟೈರಾಡ್ ಎಂಡ್ ಸಡಿಲು, ಬಲಗಡೆಯ ಶ್ಯಾಕಲ್ ಬುಷ್ಷಿನಲ್ಲಿ ರಬ್ಬರೇ ಇಲ್ಲ.

ಆಮೇಲಿನ ಪರೀಕ್ಷೆಗೆ ಮುಂದಿನ ಚಕ್ರವನ್ನು ಜಾಕಿಯಲ್ಲಿ ಎತ್ತಿ, ಆಕ್ಸಲಿನ ಕೆಳಗೆ ಗಟ್ಟಿ ದಿಮ್ಮಿ ಇಡಿ. ಬರೀ ಜಾಕಿ ನಂಬಿ ಕೆಳಗೆ ಕೈ ಹಾಕಬೇಡಿ. ಟೈರನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಕಟಕ್ ಎಂದರೆ ಹಬ್ ಬೇರಿಂಗೋ ಕಿಂಗ್‌ಪಿನ್ನೋ ಎಂಬ ಅನುಮಾನ ಬರುತ್ತದೆ. ಅದಕ್ಕೆ ಭಾಯ್ ಹೇಳಿಕೊಟ್ಟ ಉಪಾಯ ಬಹಳ ಸುಲಭ. ಒಬ್ಬರು ಬ್ರೇಕ್ ತುಳಿದು ಹಿಡಿಯಲಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಹಿಡಿದಾಗ ಡ್ರಮ್ಮೂ ಅದರ ಹಿಂದಿನ ತಟ್ಟೆಯೂ ಒಂದಾಗುತ್ತವೆ. ಆಗ ಸಡಿಲು ಮಾಯವಾದರೆ ಹಬ್ ಬೇರಿಂಗು, ಹಾಗೆಯೇ ಉಳಿದರೆ ಕಿಂಗ್‌ಪಿನ್. ನನ್ನದು ಉಳಿಯಿತು.

ಬಿಚ್ಚಿದಾಗ ಕಿಂಗ್‌ಪಿನ್ನಿನ ಕೆಳ ಬೇರಿಂಗಿನ ಬಟ್ಟಲಲ್ಲಿ ಗುಳಿ ಬಿದ್ದಿತ್ತು, ರಾಗಿಕಲ್ಲಿಗೆ ಕಚ್ಚು ಹೊಡೆದ ಹಾಗೆ. ಸೀಲು ಹರಿದು ಒಳಗೆಲ್ಲ ಹಳ್ಳದ ಮರಳು. ಹುಡುಗರ ಭಾನುವಾರದ ಆಟ ಅಲ್ಲಿ ಕೂತಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ನಾಲ್ಕು ಬೇರಿಂಗು, ಸೀಲು, ಎರಡು ಟೈರಾಡ್ ಎಂಡು ತಂದೆ. ಒಂದು ಕಡೆಯದು ಮಾತ್ರ ಬದಲಾಯಿಸಿ ದುಡ್ಡು ಉಳಿಸೋಣ ಎಂದು ಕೇಳಿದ್ದಕ್ಕೆ ಭಾಯ್ ಒಪ್ಪಲಿಲ್ಲ. ಅದು ಸರಿಯೇ, ಒಂದು ಕಡೆ ಬಿಗಿ ಒಂದು ಕಡೆ ಸಡಿಲಿದ್ದರೆ ನಡುಕಕ್ಕೆ ಮತ್ತೆ ದಾರಿ.

ಬೇರಿಂಗ್ ಹೊಸದಾದರೆ ಸಾಲದು, ಬಿಗಿಯೂ ಸರಿಯಿರಬೇಕು. ಮುಚ್ಚಳದ ಕೆಳಗೆ ಶಿಮ್ ಎಂಬ ತೆಳು ತಗಡುಗಳಿರುತ್ತವೆ. ಒಂದು ತೆಗೆದರೆ ಬಿಗಿ, ಸೇರಿಸಿದರೆ ಸಡಿಲು. ಟೈರಾಡು ಕಳಚಿದಾಗ ಚಕ್ರದ ಗೆಣ್ಣು ಬೆರಳಲ್ಲಿ ತಳ್ಳಿದರೆ ದೇವಸ್ಥಾನದ ಬಾಗಿಲಿನ ಹಾಗೆ ತಾನೇ ಜಾರಿಹೋಗಬಾರದು. ತುಸು ತಡೆದು ತಡೆದು ತಿರುಗಬೇಕು. ಎಷ್ಟು ತಡೆಯಬೇಕು ಎಂಬುದಕ್ಕೆ ಆಯಾ ಆಕ್ಸಲಿನ ಪುಸ್ತಕದಲ್ಲಿ ಲೆಕ್ಕವಿದೆ. ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡುತ್ತಾರೆ. ಭಾಯ್ ಹತ್ತಿರ ತಕ್ಕಡಿ ಕೆಟ್ಟಿತ್ತು. ರೇಷ್ಮೆಗೂಡು ತೂಗುವ ನನ್ನ ತಕ್ಕಡಿಯನ್ನೇ ಒಯ್ದು ಕೊಟ್ಟೆ. ಎರಡು ಕಡೆಯೂ ಒಂದೇ ತೂಕಕ್ಕೆ ತಿರುಗುವ ಹಾಗೆ ಶಿಮ್ ಹೊಂದಿಸಿದರು.

ಇಷ್ಟಾದ ಮೇಲೆ ಅದುರು ಮುಕ್ಕಾಲು ಪಾಲು ಹೋಯಿತು. ಅರವತ್ತರಲ್ಲಿ ಗುಂಡಿ ಬಿದ್ದರೆ ಮಾತ್ರ ನಾಲ್ಕು ಸಲ ತಲೆ ಆಡಿಸಿ ನಿಲ್ಲುತ್ತಿತ್ತು. ತುಂಬಾ ಜನ ಇಲ್ಲಿಗೇ ತೃಪ್ತಿಪಟ್ಟು ಬಿಡುತ್ತಾರೆ. ನಾನೂ ಬಿಡುತ್ತಿದ್ದೆನೋ ಏನೋ. ಆದರೆ ಆ ಹೆಂಗಸರು ಇನ್ನೂ ಎರಡು ಮೈಲಿ ನಡೆದೇ ಬರುತ್ತಿದ್ದರು.

ಓರೆ ಅಳೆದದ್ದು ರಾಗಿ ಕಣದಲ್ಲಿ

ಸೈಕಲ್ಲಿನ ಮುಂದಿನ ಕವೆ ನೆಟ್ಟಗಿಲ್ಲ, ತಲೆ ಸವಾರನ ಕಡೆಗೆ ವಾಲಿದೆ. ಆದ್ದರಿಂದಲೇ ಚಕ್ರ ತಾನಾಗಿ ನೇರಕ್ಕೆ ಬರುತ್ತದೆ. ಜೀಪಿನ ಕಿಂಗ್‌ಪಿನ್ನೂ ಹಾಗೆಯೇ, ತಲೆ ಹಿಂದಕ್ಕೆ, ಕಾಲು ಮುಂದಕ್ಕೆ. ಇದಕ್ಕೆ ಕ್ಯಾಸ್ಟರ್ ಎನ್ನುತ್ತಾರೆ. ಹಳೇ ವಿಲ್ಲಿಸ್ ಮಾದರಿಯ ಜೀಪುಗಳಿಗೆ ಇದು ಸುಮಾರು 3 ಡಿಗ್ರಿ.

ಅಳೆಯಲು ದೊಡ್ಡ ಯಂತ್ರ ಬೇಕಿಲ್ಲ. ಸಿಮೆಂಟಿನ ರಾಗಿ ಕಣದ ಮೇಲೆ ಜೀಪು ನಿಲ್ಲಿಸಿದೆ. ಮೊದಲು ಕಣವೇ ಸಮವಾಗಿದೆಯೇ ಎಂದು ಗಾರೆಯವರ ರಸಮಟ್ಟ ಇಟ್ಟು ನೋಡಿಕೊಂಡೆ. ಚಕ್ರ ನೇರವಿಟ್ಟು, ಕಿಂಗ್‌ಪಿನ್ನಿನ ಮೇಲ್ಮುಚ್ಚಳದ ಸಪಾಟು ಜಾಗ ಒರೆಸಿ, ಅದರ ಮೇಲೆ ಮಗಳ ಮೊಬೈಲನ್ನು ಹಿಂದುಮುಂದಾಗಿ ಇಟ್ಟೆವು. ಅದರಲ್ಲಿ ಓರೆ ತೋರಿಸುವ ಆ್ಯಪ್ ಇದೆ. ತೋರಿಸಿದ್ದು ಅರ್ಧ ಡಿಗ್ರಿ. ಇನ್ನೊಂದು ಕಡೆ ಅದೂ ಇಲ್ಲ.

ಮಿಕ್ಕ ಓರೆ ಎಲ್ಲಿ ಹೋಯಿತು? ಇದಕ್ಕೆ ಉತ್ತರ ಸಿಕ್ಕಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಜೀಪಿನಲ್ಲಿ ಮುಂದಿನ ಕಮಾನು ಪಟ್ಟಿಯ ಹಿಂದಿನ ತುದಿ ಚಾಸಿಗೆ ನೇರವಾಗಿ ಕೂತಿದೆ, ಮುಂದಿನ ತುದಿ ಶ್ಯಾಕಲಿನಲ್ಲಿ ನೇತಾಡುತ್ತದೆ. ಶ್ಯಾಕಲನ್ನು ಎರಡಿಂಚು ಉದ್ದ ಮಾಡಿದರೆ ಪಟ್ಟಿಯ ಮೂಗು ಅಷ್ಟು ಕೆಳಗೆ ಬಾಗುತ್ತದೆ. ಪಟ್ಟಿಯ ಉದ್ದ ಸುಮಾರು ಮೂರಡಿ. ಮೂವತ್ತಾರು ಇಂಚಿಗೆ ಎರಡಿಂಚು ಇಳಿದರೆ ಓರೆ 3 ಡಿಗ್ರಿ ಚಿಲ್ಲರೆ ಬದಲಾಗುತ್ತದೆ. ಪಟ್ಟಿಯ ಜೊತೆ ಆಕ್ಸಲೂ ಬಾಗುವುದರಿಂದ ಕಾರ್ಖಾನೆ ಕೊಟ್ಟ ಓರೆ ಪೂರಾ ಅಲ್ಲೇ ಕರಗಿತು. ಹಿಂದುಗಡೆಯೂ ಅಷ್ಟೇ ಎತ್ತರಿಸಿದ್ದರಿಂದ ಬಾಡಿ ಹಿಂದಕ್ಕೆ ವಾಲಿ ಸ್ವಲ್ಪವಾದರೂ ಸರಿಹೋಗುವ ದಾರಿಯೂ ಇರಲಿಲ್ಲ. ಇನ್ನೂ ಒಂದು ತಮಾಷೆ ಇದೆ. ಆಕ್ಸಲು ಪಟ್ಟಿಯ ನಡುವೆ ಕೂತಿದೆಯಲ್ಲ, ಅಲ್ಲಿಗೆ ಸಿಗುವುದು ಅರ್ಧ ಮಾತ್ರ. ಎರಡಿಂಚಿನ ಶ್ಯಾಕಲ್ ಹಾಕಿ ಒಂದಿಂಚು ಎತ್ತರ ಪಡೆದರು. ಆ ಒಂದಿಂಚಿಗೆ ಆರು ಹೆಂಗಸರ, ನನ್ನ ಮಗಳ ಜೀವ ಒತ್ತೆ ಇಟ್ಟಂತಾಗಿತ್ತು.

ಕೆಲವು ಗಾಡಿಗಳಲ್ಲಿ ಶ್ಯಾಕಲ್ ಹಿಂದುಗಡೆ ಇರುತ್ತದೆ. ಅಲ್ಲಿ ಲೆಕ್ಕ ತಲೆಕೆಳಗು, ಉದ್ದ ಮಾಡಿದರೆ ಓರೆ ಹೆಚ್ಚುತ್ತದೆ. ಆದ್ದರಿಂದ ನಿಮ್ಮದನ್ನು ನೀವೇ ಬಗ್ಗಿ ನೋಡಿ.

ಬೆಣೆಯ ಪ್ರಸಂಗ

ಓರೆ ವಾಪಸ್ ತರಲು ಪಟ್ಟಿಗೂ ಆಕ್ಸಲಿಗೂ ನಡುವೆ ಬೆಣೆ ಕೊಡುತ್ತಾರೆ. ನೂರು ಮಿ.ಮೀ. ಉದ್ದದ ಬೆಣೆಯ ಎರಡು ತುದಿಯ ದಪ್ಪದಲ್ಲಿ ಮೂರೂವರೆ ಮಿ.ಮೀ. ವ್ಯತ್ಯಾಸವಿದ್ದರೆ 2 ಡಿಗ್ರಿ. ಲೇತಿನವರ ಹತ್ತಿರ ಉಕ್ಕಿನದೇ ಮಾಡಿಸಿದೆ. ಅಲ್ಯೂಮಿನಿಯಂ ಬೇಡ, ಭಾರಕ್ಕೆ ಒಡೆಯುತ್ತದೆ. ಪಟ್ಟಿಯ ನಡುವಿನ ಬೋಲ್ಟ್ ಬೆಣೆಯ ತೂತಿನ ಮೂಲಕ ಹಾದುಹೋಗಲೇಬೇಕು, ಇಲ್ಲದಿದ್ದರೆ ದಾರಿಯಲ್ಲಿ ಬೆಣೆ ಜಾರುತ್ತದೆ. ಯು ಬೋಲ್ಟು ಹೊಸದೇ ಆಗಬೇಕು.

ಇಷ್ಟೆಲ್ಲ ಜಾಗ್ರತೆ ಮಾಡಿ, ಬೆಣೆಯನ್ನು ತಿರುಗಾಮುರುಗಾ ಹಾಕಿದೆ! ದಪ್ಪ ತುದಿ ಹಿಂದಕ್ಕೆ ಕೊಟ್ಟಿದ್ದೆ. ಊರಿನ ಕೆರೆ ಏರಿಯ ಮೇಲೆ ಮೂವತ್ತರಲ್ಲೇ ಜೀಪು ಹಾವಿನ ಹಾಗೆ ಹೊರಟಿತು. ಕಣಕ್ಕೆ ತಂದು ಅಳೆದರೆ ಓರೆ ಸೊನ್ನೆಗಿಂತ ಕೆಳಗೆ ಹೋಗಿತ್ತು. ನನ್ನ ಜೀಪಿನ ಹಾಗೆ ಆಕ್ಸಲು ಪಟ್ಟಿಯ ಮೇಲೆ ಕೂತಿದ್ದರೆ ದಪ್ಪ ತುದಿ ಮುಂದಕ್ಕಿರಬೇಕು. ಪಟ್ಟಿಯೇ ಆಕ್ಸಲಿನ ಮೇಲಿದ್ದರೆ ದಪ್ಪ ತುದಿ ಹಿಂದಕ್ಕೆ. ಹಾಕುವ ಮೊದಲೂ ಹಾಕಿದ ಮೇಲೂ ಅಳೆದರೆ ಇಂಥ ಪೆದ್ದುತನ ರಸ್ತೆಗೆ ಹೋಗುವ ಮುಂಚೆಯೇ ಸಿಕ್ಕಿಬೀಳುತ್ತದೆ.

ತಿರುಗಿಸಿ ಹಾಕಿದ ಮೇಲೆ ಅದುರು ಪೂರಾ ನಿಂತಿತು. ಆದರೆ ಫೋರ್ ವೀಲ್ ಹಾಕಿದಾಗ ಕೆಳಗಿನಿಂದ ಗುರ್ ಎಂಬ ಸದ್ದು. ಆಕ್ಸಲನ್ನು ಹಿಂದಕ್ಕೆ ವಾಲಿಸಿದರೆ ಅದರ ಹಿಂಬದಿಯ ಪಿನಿಯನ್ ಮೂತಿ ಕೆಳಗೆ ಹೋಗುತ್ತದೆ, ಮುಂದಿನ ಪ್ರೊಪೆಲ್ಲರ್ ಶ್ಯಾಫ್ಟಿನ ಕ್ರಾಸ್ ಜಾಯಿಂಟ್ ಮೊದಲೇ ಎತ್ತರದಿಂದ ಬಾಗಿತ್ತು, ಇನ್ನಷ್ಟು ಬಾಗಿತು. ಡ್ರ್ಯಾಗ್ ಲಿಂಕೂ ಅಷ್ಟೇ, ಗಾಡಿ ಎತ್ತರವಾದಷ್ಟು ಅದು ಇಳಿಜಾರಾಗುತ್ತದೆ, ಚಕ್ರ ಗುಂಡಿಗೆ ಇಳಿದು ಏಳುವಾಗೆಲ್ಲ ಸ್ಟಿಯರಿಂಗನ್ನು ತಾನೇ ಎಳೆಯುತ್ತದೆ. ಒಂದು ತಪ್ಪು ಮುಚ್ಚಲು ಇನ್ನೊಂದು, ಅದಕ್ಕೆ ಮತ್ತೊಂದು. ಭಾಯ್ ಹತ್ತಿರ ಹೋಗಿ ಹೇಳಿದೆ. ಅವರು ನಕ್ಕು, ‘ಕಂಪ್ನಿಯೋರು ಏನು ದಡ್ರಾ? ಆ ಉದ್ದ ಶ್ಯಾಕಲ್ ಬಿಚ್ಚಿ ಬಿಸಾಕಿ’ ಅಂದರು.

ಬಿಚ್ಚಿಸಿದೆ. ಮೂಲ ಅಳತೆಯ ಶ್ಯಾಕಲ್ ಮುಂದೆ ಹಿಂದೆ ಎರಡೂ ಕಡೆ ಹಾಕಿಸಿ, ಬೆಣೆ ತೆಗೆದು, ಅಳೆದರೆ ಎರಡೂವರೆ ಡಿಗ್ರಿ. ಪಟ್ಟಿ ಹಳೆಯದಾಗಿ ಕುಸಿದದ್ದಕ್ಕೆ ಅರ್ಧ ಹೋಗಿರಬಹುದು. ಅಷ್ಟು ಸಾಕಾಯಿತು. ಟೈರಿನ ಬ್ಯಾಲೆನ್ಸ್ ಮಾಡಿಸಿ, ಎರಡು ಟೈರಿಗೂ ಗಾಳಿ ಸಮ ಮಾಡಿ, ಟೋ ನೋಡಿದೆ. ಟೋ ಮನೆಯಲ್ಲೇ ನೋಡಬಹುದು. ಎರಡೂ ಟೈರಿನ ನಡುವೆ ಸೀಮೆಸುಣ್ಣದ ಗುರುತು ಹಾಕಿ, ಹಬ್ಬಿನ ಎತ್ತರದಲ್ಲಿ ಮುಂದಿನ ಅಂತರ ಅಳೆಯಿರಿ. ಗಾಡಿ ಅರ್ಧ ಸುತ್ತು ಮುಂದೆ ತಳ್ಳಿ ಅದೇ ಗುರುತು ಹಿಂದೆ ಬಂದಾಗ ಮತ್ತೆ ಅಳೆಯಿರಿ. ಮುಂದಿನದು ಒಂದರಿಂದ ಮೂರು ಮಿ.ಮೀ. ಕಮ್ಮಿ ಇದ್ದರೆ ಸರಿ. ಐವತ್ತು ಕಿ.ಮೀ. ಓಡಿಸಿದ ಮೇಲೆ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿದೆ.

ಎತ್ತರ ಕಮ್ಮಿಯಾಗಿ ನನ್ನ ತೋಟದ ದಾರಿಗೆ ತೊಂದರೆಯಾಯಿತೇ ಎಂದು ಕೇಳುತ್ತಾರೆ. ಒಂದಿಂಚು ಹೋದದ್ದು ನನಗೆ ಗೊತ್ತೇ ಆಗಲಿಲ್ಲ. ಎರಡು ಕಲ್ಲು ಕಿತ್ತು ಪಕ್ಕಕ್ಕಿಟ್ಟೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಎತ್ತರಿಸಿದ ಗಾಡಿ ಅಪಘಾತ ಮಾಡಿದರೆ ವಿಮೆಯವರು ತಕರಾರು ತೆಗೆಯಲು ಅದೇ ನೆಪ ಸಾಕು. ಇಂಥ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು ಮೊದಲು ಮುಂದಿನ ಶ್ಯಾಕಲನ್ನು ಅಳೆಯಿರಿ.

ಅಕಸ್ಮಾತ್ ದಾರಿಯಲ್ಲಿ ಅದುರು ಬಂದರೆ ನಾನು ಮಾಡಿದಂತೆ ಬ್ರೇಕಿನ ಮೇಲೆ ನಿಲ್ಲಬೇಡಿ. ಆಕ್ಸಲರೇಟರಿನಿಂದ ಕಾಲು ತೆಗೆಯಿರಿ. ಸ್ಟಿಯರಿಂಗನ್ನು ಎರಡು ಕೈಯಲ್ಲಿ ಗಟ್ಟಿಯಾಗಿ ಹಿಡಿಯಿರಿ, ಹೆಬ್ಬೆರಳು ಮಾತ್ರ ಒಳಗಿನ ಕಂಬಿಗೆ ಸಿಗದ ಹಾಗೆ ಹೊರಗಿರಲಿ. ವೇಗ ಇಳಿದ ಹಾಗೆ ತಾನೇ ನಿಲ್ಲುತ್ತದೆ. ಆಮೇಲೆ ಅಂಚಿಗೆ ನಿಲ್ಲಿಸಿ ಮುಂದಿನ ಟೈರು, ಚಕ್ರದ ನಟ್ಟು ನೋಡಿ. ಅಲ್ಲಿಂದ ಮನೆಯವರೆಗೆ ಮೂವತ್ತು ದಾಟಬೇಡಿ.

ನನಗೆ ಒಟ್ಟು ಹದಿನೆಂಟು ಸಾವಿರ ಖರ್ಚಾಯಿತು. ಡ್ಯಾಂಪರಿನ ನಾಲ್ಕು ಸಾವಿರ, ಬೆಣೆಯ ಖರ್ಚು ದಂಡ. ಈಗಲೂ ಎರಡು ತಿಂಗಳಿಗೊಮ್ಮೆ ಮಗಳು ಮೇಲೆ, ನಾನು ಕೆಳಗೆ.

ಐದು ಜನ ಹೆಂಗಸರು ಜೀಪಿಗೆ ವಾಪಸ್ ಬಂದರು. ಹಿರಿಯಾಕೆ ಇನ್ನೂ ನಡೆದೇ ಬರುತ್ತಾರೆ. ಬಿಚ್ಚಿದ ಉದ್ದ ಶ್ಯಾಕಲ್‌ಗಳಲ್ಲಿ ಎರಡನ್ನು ತೋಟದ ಗೇಟಿನ ಚಿಲಕಕ್ಕೆ ಹಾಕಿಸಿದ್ದೇನೆ. ಬೆಳಿಗ್ಗೆ ಅದನ್ನು ತೆಗೆದು ಮೊದಲು ಒಳಗೆ ಹೋಗುವವರು ಅವರೇ.